ಸ್ಕ್ಯಾನ್ ಆಯ್ತು, ಮುಂದೆ ನೋಡಿಕೊಳ್ಳುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಇಷ್ಟು ಸಾವಿರ ಹಳೆಯ ಪುಸ್ತಕ ಸ್ಕ್ಯಾನ್ ಆಯ್ತು, ಇಷ್ಟು ಲಕ್ಷ ಪುಟ ಇಂಟರ್ನೆಟ್‌ಗೆ ಬಂತು ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದರೆ ಖುಷಿಯಾಗುತ್ತದೆ, ಸುಳ್ಳಲ್ಲ. ಆದರೆ ಆ ಸುದ್ದಿಗಳಲ್ಲಿ ಇರೋದು ಬರೀ ಸಂಖ್ಯೆ. ಸ್ಕ್ಯಾನ್ ಆದ ಮೇಲೆ ಆ ಫೈಲುಗಳಿಗೆ ಏನಾಗುತ್ತದೆ, ಹತ್ತು ವರ್ಷದ ಮೇಲೆ ಅವು ಎಲ್ಲಿರುತ್ತವೆ, ಬೇಕಾದವರು ಹುಡುಕಿದರೆ ಸಿಗುತ್ತವಾ ಅಂತ ಯಾರೂ ಕೇಳೋದಿಲ್ಲ. ಗ್ರಂಥಾಲಯದಲ್ಲಿ ಕೆಟಲಾಗ್ ಮಾಡುವ ಕೆಲಸದಲ್ಲಿ ಇರುವವನು ನಾನು. ಈ ಪ್ರಶ್ನೆ ದಿನಾ ಕಾಡುತ್ತದೆ, ಅದಕ್ಕೇ ಈ ಪತ್ರ.

ಒಂದು ದೊಡ್ಡ ಡಿಜಿಟಲ್ ಸಂಗ್ರಹದಲ್ಲಿ ಒಂದು ಹಳೆಯ ಪುಸ್ತಕ ಹುಡುಕುತ್ತಿದ್ದೆ. ಪುಸ್ತಕದ ಹೆಸರು ಹಾಕಿದರೆ ಇಲ್ಲ. ಲೇಖಕರ ಹೆಸರು ಹಾಕಿದರೂ ಇಲ್ಲ. ಕೊನೆಗೆ ಸಿಕ್ಕಿದ್ದು ಪ್ರಕಾಶನದ ಹೆಸರಿನಲ್ಲಿ, ಯಾಕಂದ್ರೆ ಶೀರ್ಷಿಕೆ ಇರಬೇಕಾದ ಜಾಗದಲ್ಲಿ ಯಾರೋ ಪ್ರಕಾಶನದ ಹೆಸರು ಟೈಪ್ ಮಾಡಿದ್ದರು. ಮೊದಲ ಮುದ್ರಣದ ವರ್ಷ ಎಲ್ಲೂ ಇಲ್ಲ, ಇದ್ದದ್ದು ಮರುಮುದ್ರಣದ್ದು. ಒಳಗೆ ಹೋದರೆ 113ನೇ ಪುಟ ಆದ ಮೇಲೆ ನೇರ 116. ಅಲ್ಲಿ ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡಿವೆ. ಇನ್ನೊಂದು ಪುಟದಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಕಾಣುತ್ತದೆ, ಅದರ ಅಡಿಯಲ್ಲಿ ಎರಡು ಸಾಲು ಮುಚ್ಚಿಹೋಗಿವೆ. ಕೊನೆಯಲ್ಲಿ ಮಡಿಚಿಟ್ಟ ನಕ್ಷೆಯೊಂದಿತ್ತು. ಅದನ್ನು ಬಿಡಿಸದೆ, ಮಡಿಚಿದ ಹಾಗೇ ಸ್ಕ್ಯಾನ್ ಮಾಡಿದ್ದಾರೆ.

ಆ ಕೆಲಸಗಾರರನ್ನು ಬೈದು ಪ್ರಯೋಜನ ಇಲ್ಲ. ಪುಟಕ್ಕೆ ಇಷ್ಟು ದುಡ್ಡು ಅಂತ ಗುತ್ತಿಗೆ ಕೊಟ್ಟರೆ ಯಾರೇ ಆದರೂ ಪುಟದ ಲೆಕ್ಕವನ್ನೇ ನೋಡುತ್ತಾರೆ. ಸ್ಕ್ಯಾನ್ ಆದ ಪುಸ್ತಕವನ್ನು ಮೂಲ ಪುಸ್ತಕದ ಪಕ್ಕ ಇಟ್ಟುಕೊಂಡು, ಪುಟ ಪುಟ ತಿರುವಿ ನೋಡಿ 'ಸರಿ ಇದೆ' ಅಂತ ಹೇಳುವ ಒಬ್ಬ ಮನುಷ್ಯನಿಗೆ ಸಂಬಳ ಇಟ್ಟಿರೋದಿಲ್ಲ. ಯೋಜನೆಯ ದುಡ್ಡೆಲ್ಲ ಯಂತ್ರಕ್ಕೆ, ಸರ್ವರ್‌ಗೆ, ಉದ್ಘಾಟನೆಗೆ ಮುಗಿದಿರುತ್ತದೆ. ನಾನು ಹೇಳಬೇಕಾದ್ದು ಇಷ್ಟೇ: ಡಿಜಿಟಲ್ ಗ್ರಂಥಾಲಯಕ್ಕೂ ಗ್ರಂಥಪಾಲಕರು ಬೇಕು, ಕಾಗದದ ಗ್ರಂಥಾಲಯಕ್ಕಿಂತ ಜಾಸ್ತಿಯೇ ಬೇಕು.

ಯಾಕೆ ಜಾಸ್ತಿ ಅಂತೀರಾ? ಕಪಾಟಿನಲ್ಲಿ ತಪ್ಪು ಜಾಗದಲ್ಲಿಟ್ಟ ಪುಸ್ತಕ ಯಾರ ಕಣ್ಣಿಗಾದರೂ ಒಂದಲ್ಲ ಒಂದು ದಿನ ಬೀಳುತ್ತದೆ. ಕಂಪ್ಯೂಟರ್‌ನಲ್ಲಿ ತಪ್ಪು ವಿವರದ ಜೊತೆ ಕೂತ ಫೈಲು ಯಾರ ಕಣ್ಣಿಗೂ ಬೀಳೋದಿಲ್ಲ. ಅಲ್ಲಿ ಇರೋದು ಹುಡುಕುವ ಖಾನೆ ಒಂದೇ. ಆ ಖಾನೆ ನೋಡೋದು ಮೆಟಾಡೇಟಾವನ್ನು, ಅಂದರೆ ಪುಸ್ತಕದ ಬಗ್ಗೆ ನಾವು ತುಂಬಿಸಿಟ್ಟ ವಿವರವನ್ನು. ಇದಕ್ಕೆ ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. 1995ರಲ್ಲೇ ಅಮೆರಿಕದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಪಾಲಕರೂ ಕಂಪ್ಯೂಟರ್ ಜನರೂ ಸೇರಿ ಶುರುಮಾಡಿದ 'ಡಬ್ಲಿನ್ ಕೋರ್' ಇದೆ. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕರು, ದಿನಾಂಕ, ಭಾಷೆ, ಹಕ್ಕು ಹೀಗೆ ಒಟ್ಟು 15 ಅಂಶ. ಅದನ್ನು ತುಂಬೋದು ಕಷ್ಟ ಅಲ್ಲ, ಸರಿಯಾಗಿ ತುಂಬೋದು ಕಷ್ಟ. ಒಬ್ಬ ಲೇಖಕರ ಹೆಸರು ಒಂದು ಪುಸ್ತಕದಲ್ಲಿ ಇನಿಶಿಯಲ್ ಜೊತೆ, ಇನ್ನೊಂದರಲ್ಲಿ ಪೂರ್ತಿಯಾಗಿ, ಮತ್ತೊಂದರಲ್ಲಿ ಬರೀ ಕಾವ್ಯನಾಮದಲ್ಲಿ ಇರುತ್ತದೆ. ಕಂಪ್ಯೂಟರ್ ಇವರನ್ನು ಮೂರು ಜನ ಅಂತ ಎಣಿಸುತ್ತದೆ. ಮೂವರೂ ಒಬ್ಬರೇ ಅಂತ ಗೊತ್ತಿರೋ ಒಬ್ಬರು ಕೂತು ಜೋಡಿಸಬೇಕು. ದೇಶದೇಶಗಳ ರಾಷ್ಟ್ರೀಯ ಗ್ರಂಥಾಲಯಗಳು ತಮ್ಮ ಹೆಸರಿನ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ 'ವಿಯಾಫ್' ಅನ್ನೋ ಸಾಮಾನ್ಯ ಕಡತ ಇಟ್ಟುಕೊಂಡಿವೆ. ಅದೂ ಇದೇ ಕೆಲಸಕ್ಕೆ.

ಇನ್ನು ಪುಸ್ತಕದ ಒಳಗಿನ ಮಾತು. ಸ್ಕ್ಯಾನ್ ಅಂದರೆ ಒಂದು ಫೋಟೋ ಅಷ್ಟೆ. ಆ ಫೋಟೋದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಗುರುತಿಸಿ ಪಠ್ಯ ಮಾಡಿದರೆ ಮಾತ್ರ ಒಳಗೆ ಹುಡುಕಬಹುದು. ಇದಕ್ಕೆ ಓಸಿಆರ್ ಅನ್ನುತ್ತೇವೆ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಟೆಸರಾಕ್ಟ್ ಎಂಬ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಹೊಸ ಅಚ್ಚಿನ ಸ್ವಚ್ಛ ಪುಟವನ್ನು ಚೆನ್ನಾಗಿಯೇ ಓದುತ್ತದೆ. ಹಳೆಯ ಮೊಳೆ ಅಚ್ಚು, ಮಸಿ ಹರಡಿದ ಕಾಗದ, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುವ ತೆಳು ಹಾಳೆ ಬಂದಾಗ ಎಡವುತ್ತದೆ. ಒತ್ತಕ್ಷರ ಮೇಲಿನ ಸಾಲಿನದೋ ಕೆಳಗಿನದೋ ಗೊತ್ತಾಗೋದಿಲ್ಲ. ಸೊನ್ನೆಯನ್ನು ಅನುಸ್ವಾರ ಅಂದುಕೊಳ್ಳುತ್ತದೆ, ಅನುಸ್ವಾರವನ್ನು ಸೊನ್ನೆ ಅಂದುಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕುವಾಗ ಆ ಪದ ಸಿಗೋದೇ ಇಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಅಕ್ಷರಗಳ ಒಂದೇ ಸಂಕೇತ ಕೊಟ್ಟ ಯುನಿಕೋಡ್ ಬರುವ ಮೊದಲು ಬೇರೆ ಬೇರೆ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತಗಳದ್ದೂ ಇದೇ ಗತಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಇದಕ್ಕೆ ದಾರಿ ಇಲ್ಲವಾ ಅಂದರೆ ಇದೆ, ಮತ್ತು ಆ ದಾರಿ ಓದುಗರ ಕಡೆಯಿಂದಲೇ ಬಂದಿದೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. 1971ರಲ್ಲಿ ಮೈಕೆಲ್ ಹಾರ್ಟ್ ಎಂಬವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ತಾವೇ ಟೈಪ್ ಮಾಡಿ, ಪುಸ್ತಕಗಳನ್ನು ಪುಕ್ಕಟೆ ಓದಲು ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಶುರುಮಾಡಿದರು. ಆಮೇಲೆ 2000ದಲ್ಲಿ ಅದಕ್ಕೆ ಕರಡು ತಿದ್ದುವ ಸ್ವಯಂಸೇವಕರ ಬಳಗ ಹುಟ್ಟಿತು. ಒಬ್ಬರು ಇಡೀ ಪುಸ್ತಕ ತಿದ್ದಬೇಕಾಗಿಲ್ಲ, ಬಿಡುವಾದಾಗ ಒಂದೊಂದೇ ಪುಟ ತಿದ್ದಿದರೆ ಸಾಕು. ವಿಕಿಪೀಡಿಯದ ಬಳಗದ ಉಚಿತ ಪುಸ್ತಕ ತಾಣ ವಿಕಿಸೋರ್ಸ್‌ನಲ್ಲೂ ಹಾಗೇ. ಪರದೆಯ ಒಂದು ಕಡೆ ಮೂಲ ಪುಟದ ಚಿತ್ರ, ಪಕ್ಕದಲ್ಲಿ ಪಠ್ಯ. ತಿದ್ದದ ಪುಟಕ್ಕೆ ಕೆಂಪು ಬಣ್ಣ, ಒಬ್ಬರು ತಿದ್ದಿದ್ದಕ್ಕೆ ಹಳದಿ. ಇನ್ನೊಬ್ಬರು ಬಂದು ಮತ್ತೆ ಓದಿ ಒಪ್ಪಿದರೆ ಮಾತ್ರ ಹಸಿರು. ತಿದ್ದಿದವರೇ ಹಸಿರು ಕೊಟ್ಟುಕೊಳ್ಳುವ ಹಾಗಿಲ್ಲ. ಎಷ್ಟು ಸರಳ, ಎಷ್ಟು ಗಟ್ಟಿ ವ್ಯವಸ್ಥೆ ನೋಡಿ. ಕನ್ನಡ ವಿಕಿಸೋರ್ಸ್ ಕೂಡ ಇದೆ, ಅಲ್ಲಿ ಕೆಲಸಕ್ಕೆ ಕೈಗಳು ಯಾವಾಗಲೂ ಬೇಕು.

ಸಂರಕ್ಷಣೆಯ ಮಾತಿಗೆ ಬಂದರೆ ಜನರಿಗೆ ಒಂದು ತಪ್ಪು ನಂಬಿಕೆ ಇದೆ: ಕಂಪ್ಯೂಟರ್‌ಗೆ ಹಾಕಿದರೆ ಶಾಶ್ವತ ಅಂತ. ಶಾಶ್ವತ ಅಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಬರೆಸಿದ ಡೂಮ್ಸ್‌ಡೇ ಬುಕ್ ಎಂಬ ಜಮೀನು-ಆಸ್ತಿ ದಾಖಲೆ ಇದೆ. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಹೊಸ ಕಾಲದ ಡೂಮ್ಸ್‌ಡೇ ಮಾಡಿತು. ಶಾಲಾ ಮಕ್ಕಳೂ ಸೇರಿ ಅಪಾರ ಜನ ತಮ್ಮ ಸುತ್ತಲಿನ ವಿವರ, ಫೋಟೋ ಕೊಟ್ಟರು, ಎಲ್ಲವೂ ಲೇಸರ್ ಡಿಸ್ಕಿಗೆ ಹೋಯಿತು. ಇಪ್ಪತ್ತು ವರ್ಷ ಆಗುವುದರೊಳಗೆ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು, ಆಮೇಲೆ ಸಂಶೋಧಕರು ಹೆಣಗಾಡಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಚರ್ಮದ ಹಾಳೆಯ ಹಳೆಯ ಪುಸ್ತಕವನ್ನು ಮಾತ್ರ ಇವತ್ತೂ ಓದಬಹುದು.

ಹಾಗಂತ ಡಿಜಿಟಲ್ ಬೇಡ ಅಂತಲ್ಲ. ಗಿಡ ನೆಟ್ಟ ಮೇಲೆ ನೀರು ಹಾಕುವ ಹಾಗೆ ಇದನ್ನೂ ನೋಡಿಕೊಳ್ಳುತ್ತಲೇ ಇರಬೇಕು. ಮೂಲ ಸ್ಕ್ಯಾನನ್ನು ಗುಣಮಟ್ಟ ಕಳೆದುಕೊಳ್ಳದ ಟಿಫ್ ಥರದ ರೂಪದಲ್ಲಿ ಬೇರೆ ಇಡಬೇಕು, ಓದುಗರಿಗೆ ಸಣ್ಣ ಪ್ರತಿ ಕೊಡಬೇಕು. ಎ4 ಅಳತೆಯ ಒಂದು ಬಣ್ಣದ ಪುಟವನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ ಆಗುತ್ತದೆ. 300 ಪುಟದ ಪುಸ್ತಕಕ್ಕೆ ಹತ್ತಿರ ಹತ್ತಿರ 8 ಜಿಬಿ. ಜಾಗ ಉಳಿಸೋಣ ಅಂತ ಮೂಲವನ್ನು ಅಳಿಸಿ, ಅದುಮಿ ಮಸುಕಾದ ಪಿಡಿಎಫ್ ಒಂದನ್ನೇ ಇಟ್ಟುಕೊಳ್ಳುವವರು ಇದ್ದಾರೆ. ನಾಳೆ ಇನ್ನೂ ಒಳ್ಳೆಯ ಓಸಿಆರ್ ಬಂದರೂ ಆ ಮಸುಕು ಪುಟದಿಂದ ಏನೂ ಸಿಗೋದಿಲ್ಲ, ಮತ್ತೆ ಸ್ಕ್ಯಾನ್ ಮಾಡೋಣ ಅಂದರೆ ಅಷ್ಟರಲ್ಲಿ ಮೂಲ ಪುಸ್ತಕ ಪುಡಿಪುಡಿ ಆಗಿರುತ್ತದೆ. ಪಿಡಿಎಫ್ ಇಡುವುದಾದರೂ ಬಹುಕಾಲ ಉಳಿಯಲಿ ಅಂತಲೇ 2005ರಲ್ಲಿ ಬಂದ ಪಿಡಿಎಫ್-ಎ ಮಾನದಂಡದಲ್ಲಿ ಇಡಬಹುದು. ಅದರಲ್ಲಿ ಫಾಂಟ್ ಫೈಲಿನ ಒಳಗೇ ಇರಬೇಕು, ಪಾಸ್‌ವರ್ಡ್ ಬೀಗ ಹಾಕುವ ಹಾಗಿಲ್ಲ.

ಮತ್ತೆ, ಪ್ರತಿಗಳು. ಒಂದೇ ಕಟ್ಟಡದಲ್ಲಿ ಮೂರು ಹಾರ್ಡ್ ಡಿಸ್ಕ್ ಇಟ್ಟರೆ ಅದು ಮೂರು ಪ್ರತಿ ಅಲ್ಲ, ಬೆಂಕಿ ಬಿದ್ದರೆ ಮೂರೂ ಹೋಗುತ್ತವೆ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿ ಇರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ 'ಲಾಕ್ಸ್' ವ್ಯವಸ್ಥೆ ನಿಂತಿರೋದೇ ಇದರ ಮೇಲೆ: ಹಲವು ಗ್ರಂಥಾಲಯಗಳು ಒಂದೇ ಫೈಲಿನ ಪ್ರತಿ ಇಟ್ಟುಕೊಂಡು ಪರಸ್ಪರ ಹೋಲಿಸುತ್ತಾ ಇರುತ್ತವೆ, ಒಂದು ಕೆಟ್ಟರೆ ಉಳಿದವುಗಳಿಂದ ಸರಿಮಾಡಿಕೊಳ್ಳುತ್ತವೆ. ಕೆಟ್ಟಿದೆ ಅಂತ ಗೊತ್ತಾಗೋದು ಚೆಕ್‌ಸಮ್‌ನಿಂದ, ಅಂದರೆ ಫೈಲಿನಲ್ಲಿರೋದನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆಯಿಂದ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯೇ ಆಗಿಬಿಡುತ್ತದೆ. ಇದನ್ನು ಪರೀಕ್ಷಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಆದರೂ ಎಷ್ಟೋ ಕಡೆ ಸ್ಕ್ಯಾನ್ ಆದ ದಿನದಿಂದ ಆ ಡಿಸ್ಕನ್ನು ಯಾರೂ ತೆರೆದೇ ನೋಡಿರೋದಿಲ್ಲ.

ದೊಡ್ಡವರಿಗೂ ಅಪಾಯ ತಪ್ಪಿದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆಯಿತು. ಕೆಟಲಾಗ್ ಮತ್ತೆ ಹುಡುಕಲು ಸಿಕ್ಕಿದ್ದು 2024ರ ಜನವರಿಯಲ್ಲಿ, ಅದೂ ಅರೆಬರೆ. ಅದೇ 2024ರ ಅಕ್ಟೋಬರ್‌ನಲ್ಲಿ, ಹಳೆಯ ಪುಸ್ತಕ, ವೆಬ್ ಪುಟಗಳನ್ನು ಕೂಡಿಟ್ಟಿರುವ ಇಂಟರ್ನೆಟ್ ಆರ್ಕೈವ್ ಕೂಡ ದಾಳಿಗೆ ಸಿಕ್ಕಿ ಕೆಲವು ದಿನ ಮುಚ್ಚಿತ್ತು. ಅವರ ಹತ್ತಿರ ಜನ ಇದ್ದರು, ಎದ್ದು ನಿಂತರು. ನೋಡಿಕೊಳ್ಳುವವರೇ ಇಲ್ಲದ ಸಣ್ಣ ಸಂಗ್ರಹಕ್ಕೆ ಹೀಗಾದರೆ? ಸರ್ವರ್‌ ಬಾಡಿಗೆ ಕಟ್ಟೋದನ್ನು ಮರೆತರೂ ಸಾಕು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡಿಜಿಟಲ್ ಸಂಗ್ರಹ ನಡೆಸೋಕೆ ಡಿ-ಸ್ಪೇಸ್, ಗ್ರೀನ್‌ಸ್ಟೋನ್ ಥರದ್ದು ಉಚಿತವಾಗಿಯೇ ಸಿಗುತ್ತವೆ, ಎಷ್ಟೋ ಕಡೆ ಬಳಕೆಯಲ್ಲಿವೆ.

ಬಳಸುವವರ ಕಡೆಯಿಂದಲೂ ಯೋಚನೆ ಮಾಡಬೇಕು. ಈಗ ಜಾಸ್ತಿ ಜನ ಓದೋದು ಮೊಬೈಲ್‌ನಲ್ಲಿ. ಒಂದು ಪುಟ ನೋಡಬೇಕು ಅಂದರೆ 200 ಎಂಬಿಯ ಇಡೀ ಪುಸ್ತಕ ಇಳಿಸಿಕೊಳ್ಳಿ ಅಂದರೆ ಯಾರು ಕಾಯುತ್ತಾರೆ? ಕಣ್ಣು ಕಾಣದವರಿಗೆ ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರದ ಪಿಡಿಎಫ್ ಕೊಟ್ಟರೆ ಅದರ ಪಾಲಿಗೆ ಪುಸ್ತಕ ಪೂರ್ತಿ ಖಾಲಿ. ಅಂಥವರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಮಾಡಿಕೊಡೋದಕ್ಕೆ ಕೃತಿಸ್ವಾಮ್ಯ ಅಡ್ಡ ಬರಬಾರದು ಅಂತ 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಅಂದರೆ ಕಾನೂನು ದಾರಿ ಬಿಟ್ಟಿದೆ, ತಿದ್ದಿದ ಪಠ್ಯ ಕೊಡೋದಷ್ಟೇ ಬಾಕಿ. ಹಾಗೆಯೇ ಪ್ರತಿ ಪುಸ್ತಕದ ವಿವರದಲ್ಲಿ ಹಕ್ಕು ಯಾರದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಬರೆಯದೆ ಬಿಟ್ಟರೆ ಹಕ್ಕು ಮುಗಿದ ಪುಸ್ತಕ ಬಳಸೋದಕ್ಕೂ ಜನ ಹೆದರುತ್ತಾರೆ, ಹಕ್ಕಿರುವ ಪುಸ್ತಕವನ್ನು ಮುಲಾಜಿಲ್ಲದೆ ಹಂಚುತ್ತಾರೆ. ಎರಡೂ ತಪ್ಪಲ್ವಾ?

ಇಷ್ಟೆಲ್ಲ ನಿಮಗೇ ಬರೆಯೋದಕ್ಕೆ ಕಾರಣ ಇದೆ. ಇನ್ನು ಮುಂದೆ ಡಿಜಿಟಲೀಕರಣದ ಸುದ್ದಿ ಮಾಡುವಾಗ ನಿಮ್ಮ ವರದಿಗಾರರು ಎಷ್ಟು ಪುಟ ಅನ್ನೋದರ ಜೊತೆ ಇದನ್ನೂ ಕೇಳಲಿ: ಎರಡನೇ ಪ್ರತಿ ಎಲ್ಲಿದೆ, ತಪ್ಪು ಕಂಡರೆ ಓದುಗರು ಯಾರಿಗೆ ತಿಳಿಸಬೇಕು, ಯೋಜನೆಯ ದುಡ್ಡು ಮುಗಿದ ಮೇಲೆ ಸಂಬಳ ಯಾರು ಕೊಡುತ್ತಾರೆ. ಪತ್ರಿಕೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನೊಂದು ವಿನಂತಿ ನಿಮ್ಮ ಹಳೆಯ ಸಂಚಿಕೆಗಳ ಬಗ್ಗೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 'ಟ್ರೋವ್' ಎಂಬ ತಾಣದಲ್ಲಿ ಹಳೆಯ ಪತ್ರಿಕೆಗಳನ್ನು ಇಟ್ಟಿದೆ. ಅಲ್ಲಿ ಪುಟವನ್ನಷ್ಟೇ ಅಲ್ಲ, ಒಂದೊಂದು ಸುದ್ದಿಯನ್ನೂ ಬೇರೆ ಬೇರೆಯಾಗಿ ಹುಡುಕಬಹುದು, ಪ್ರತಿ ಸುದ್ದಿಗೂ ಬದಲಾಗದ ವಿಳಾಸ ಇದೆ, ಓಸಿಆರ್ ತಪ್ಪನ್ನು ಓದುಗರೇ ತಿದ್ದುತ್ತಾರೆ. ತಮ್ಮ ಅಜ್ಜನ ಹೆಸರು ಬಂದ ಒಂದು ಸಣ್ಣ ಸುದ್ದಿಗೋಸ್ಕರ ಬಂದವರು ಪಕ್ಕದ ನಾಲ್ಕು ಸುದ್ದಿಗಳನ್ನೂ ತಿದ್ದಿ ಹೋಗಬಹುದು. ನಿಮ್ಮ ಹಳೆಯ ಸಂಚಿಕೆಗಳನ್ನೂ ಹೀಗೆ ಇಡಿ. ಎಲ್ಲ ಒಂದೇ ಸಲ ಬೇಡ, ಒಂದು ವರ್ಷದ್ದರಿಂದ ಶುರುಮಾಡಿ. ತಿದ್ದುವ ಅವಕಾಶ ಕೊಡಿ, ಅದನ್ನು ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸಿ, ಓದುಗರನ್ನು ಕರೆಯಿರಿ. ಬರುವವರಲ್ಲಿ ನಾನೂ ಇರುತ್ತೇನೆ.

ಇಂತಿ,
ಒಬ್ಬ ಗ್ರಂಥಪಾಲಕ