ಚಳಿಗಾಲದಲ್ಲಿ ಟ್ರೌಟ್ ಮೀನಿಗೆ ಗಾಳ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಯ ಕುರಿತು ಬಂದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಕಣಿವೆಗೆ 2009ರಿಂದ ಐದು ಸಲ ಹೋಗಿ ಬಂದವನಾದ್ದರಿಂದ ಗುಶೈನಿಯ ಸೇತುವೆ, ನದಿಯ ದಡದ ದೇವದಾರು ಮರಗಳು, ಬಂಡೆಗಳ ನಡುವೆ ಹಸಿರಾಗಿ ನಿಲ್ಲುವ ನೀರು ಎಲ್ಲವೂ ಮತ್ತೆ ಕಣ್ಣಮುಂದೆ ಬಂದವು. ಆದರೆ ಡಿಸೆಂಬರ್ ರಜೆಯಲ್ಲಿ ಹೋದರೆ ಹಿಮವನ್ನೂ ನೋಡಬಹುದು, ಬ್ರೌನ್ ಟ್ರೌಟ್ ಮೀನಿಗೆ ಗಾಳವನ್ನೂ ಹಾಕಬಹುದು ಎಂದು ಲೇಖಕರು ಕೊಟ್ಟಿರುವ ಸಲಹೆ ಸಂಪೂರ್ಣ ತಪ್ಪು. ಹಿಮಾಚಲದ ಟ್ರೌಟ್ ನದಿಗಳಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಉಳಿದ ತಿಂಗಳುಗಳಲ್ಲೂ ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆದೇ ನೀರಿಗಿಳಿಯಬೇಕು. ಕರ್ನಾಟಕದಿಂದ ಬಹಳ ಮಂದಿ ಆ ಕಡೆ ಪ್ರವಾಸ ಹೋಗುವುದು ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬರುವ ಆ ದಿನಗಳಲ್ಲೇ ಆದ್ದರಿಂದ ಈ ಪತ್ರ ಬರೆಯದೆ ಇರಲಾಗಲಿಲ್ಲ.

ನಿಷೇಧ ಏಕೆ ಎಂಬುದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ನಾವೆಲ್ಲ ನೋಡಿದ್ದೇವೆ, ಅದರ ಹೊಟ್ಟೆಯ ತುಂಬ ತತ್ತಿ ಇರುತ್ತದೆಂದೂ ಬಲ್ಲೆವು. ಬ್ರೌನ್ ಟ್ರೌಟ್‌ಗೆ ಅಂಥ ಕಾಲ ಬರುವುದು ಮಳೆಯಲ್ಲಲ್ಲ, ಚಳಿಯಲ್ಲಿ. ನೀರು ತಣ್ಣಗಾಗುತ್ತಿದ್ದಂತೆ ಹೆಣ್ಣುಮೀನು ನದಿಯ ಮೇಲ್ಭಾಗಕ್ಕೆ ಈಜಿ, ಸಣ್ಣ ಕಲ್ಲುಗಳಿರುವ, ನೀರು ಚುರುಕಾಗಿ ಹರಿಯುವ ಜಾಗವನ್ನು ಆರಿಸಿಕೊಳ್ಳುತ್ತದೆ. ಮಗ್ಗುಲಾಗಿ ಮಲಗಿ ಬಾಲದಿಂದ ಹೊಡೆದು ಹೊಡೆದು ಕಲ್ಲುಗಳನ್ನು ಸರಿಸಿ ಗುಂಡಿ ಮಾಡಿ, ಅದರಲ್ಲಿ ತತ್ತಿಯಿಟ್ಟು, ಗಂಡು ಬಂದು ಫಲಗೊಳಿಸಿದ ಮೇಲೆ ಮತ್ತೆ ಕಲ್ಲು ಮುಚ್ಚುತ್ತದೆ. ಒಳಗಿರುವ ತತ್ತಿಗಳಿಗೆ ಆಮ್ಲಜನಕ ಸಿಗುವುದು ಕಲ್ಲುಗಳ ಸಂದಿಯಲ್ಲಿ ನುಗ್ಗುವ ನೀರಿನಿಂದಲೇ. ನೀರು 10 ಡಿಗ್ರಿ ಇದ್ದರೆ ಸುಮಾರು 40 ದಿನಗಳಲ್ಲಿ ಮರಿ ಹೊರಬರುತ್ತದೆ. 5 ಡಿಗ್ರಿಗೆ ಇಳಿದರೆ ಎರಡೂವರೆ ತಿಂಗಳಿಗೂ ಹೆಚ್ಚು ಬೇಕು. ಒಡೆದು ಬಂದ ಮರಿಯೂ ಹೊಟ್ಟೆಗಂಟಿದ ಚೀಲದ ಆಹಾರವನ್ನೇ ನಂಬಿ ಇನ್ನೂ ಕೆಲವು ವಾರ ಕಲ್ಲಿನಡಿಯಲ್ಲೇ ಅಡಗಿರುತ್ತದೆ. ಹಾಗಾಗಿ ಮೀನನ್ನು ಹಿಡಿಯದಿದ್ದರೂ, ಬರಿದೇ ಬೂಟು ಹಾಕಿಕೊಂಡು ಆ ಕಲ್ಲುಹಾಸಿನ ಮೇಲೆ ಓಡಾಡಿದರೆ ಸಾಕು, ಕಣ್ಣಿಗೆ ಕಾಣದ ನೂರಾರು ಮರಿಗಳು ಕಾಲಡಿಯಲ್ಲಿ ಸಾಯುತ್ತವೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಮಧ್ಯದಲ್ಲಿ ತೀರ್ಥನ್ ದಡದ ಒಂದು ತಂಗುಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಹೊಳೆಯ ಕಡೆ ನಡೆದಾಗ ಕನ್ನಡ ಮಾತು ಕಿವಿಗೆ ಬಿದ್ದು ಸಂತೋಷದಿಂದಲೇ ಹತ್ತಿರ ಹೋದೆ. ಬೆಂಗಳೂರಿನಿಂದ ಬಂದಿದ್ದ ಮೂವರು ಹುಡುಗರು; ಅವರು ಉಳಿದುಕೊಂಡಿದ್ದ ಮನೆಯವರೇ ಗಾಳ, ರೀಲ್ ಎಲ್ಲ ಕೊಟ್ಟು ಕಳಿಸಿದ್ದರಂತೆ. ಒಬ್ಬ ಎರಡು ಕೈಯಲ್ಲಿ ಮೀನನ್ನು ಬಿಗಿಯಾಗಿ ಹಿಡಿದು, ‘ಅಂಕಲ್, ನೋಡಿ ಎಂಥಾ ಮೀನು’ ಎಂದು ತೋರಿಸಿದ. ಹೊನ್ನಿನ ಬಣ್ಣದ ಮೈ, ಪಕ್ಕೆಯಲ್ಲಿ ಬಿಳಿಯ ಅಂಚಿನೊಳಗೆ ಕುಂಕುಮವಿಟ್ಟಂಥ ಕೆಂಪು ಚುಕ್ಕೆಗಳು. ಅವನ ಬೆರಳು ಹೊಟ್ಟೆಯನ್ನು ಒತ್ತಿದ್ದಷ್ಟೇ, ತೊಗರಿಕಾಳಿನ ಗಾತ್ರದ ಕಿತ್ತಳೆ ಬಣ್ಣದ ತತ್ತಿಗಳು ಒಂದರ ಹಿಂದೆ ಒಂದರಂತೆ ಜಾರಿ ಅವನ ಅಂಗೈ ಮೇಲೂ ಕಾಲ ಬಳಿಯ ಬಂಡೆಯ ಮೇಲೂ ಬಿದ್ದವು. ಹುಡುಗ ಬೆಚ್ಚಿ ಮೀನನ್ನು ನೀರಿಗೆ ಬಿಟ್ಟ. ಅದು ಸ್ವಲ್ಪ ಹೊತ್ತು ಮಗ್ಗುಲಾಗಿಯೇ ತೇಲಿ ಬಂಡೆಯ ಹಿಂದೆ ಮರೆಯಾಯಿತು, ಬದುಕಿತೋ ಇಲ್ಲವೋ ತಿಳಿಯದು. ಆ ಹುಡುಗರು ಕೆಟ್ಟವರಲ್ಲ. ಇದು ತತ್ತಿಯ ಕಾಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವರು ಹಣಕ್ಕಾಗಿ ಸುಮ್ಮನಿದ್ದರು. ನಿಮ್ಮ ಲೇಖನವನ್ನು ಓದಿ ಹೊರಡುವವರ ಸ್ಥಿತಿಯೂ ಹೀಗೇ ಆಗಬಾರದು ಎಂಬುದು ನನ್ನ ಕಳಕಳಿ.

ಬ್ರೌನ್ ಟ್ರೌಟ್ ನಮ್ಮ ದೇಶದ ಮೀನಲ್ಲವಲ್ಲ, ಅದಕ್ಕಾಗಿ ಇಷ್ಟು ಮರುಗುವುದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಈ ಮೀನಿನ ತತ್ತಿಗಳನ್ನು ಸ್ಕಾಟ್ಲೆಂಡ್‌ನಿಂದ ಹಡಗಿನಲ್ಲಿ ತರಿಸಿ 1900ರಲ್ಲಿ ಕಾಶ್ಮೀರದಲ್ಲಿ ಮರಿ ಮಾಡಿಸಲಾಯಿತು. ಅದಕ್ಕೆ ಹಿಂದಿನ ವರ್ಷ ಬಂದ ತತ್ತಿಗಳು ದಾರಿಯಲ್ಲೇ ಕೆಟ್ಟುಹೋಗಿದ್ದವು. ಕಾಶ್ಮೀರದಿಂದ 1909ರ ಸುಮಾರಿಗೆ ತೀರ್ಥನ್ ಕಣಿವೆಯಿರುವ ಕುಲ್ಲುವಿಗೆ ಬಂದಿತು. ಬ್ರಿಟಿಷ್ ಅಧಿಕಾರಿಗಳ ಗಾಳದ ಮೋಜಿಗಾಗಿ ಬಂದ ಮೀನು ಎಂಬುದರಲ್ಲಿ ಅನುಮಾನವಿಲ್ಲ. ಅದು ಸ್ಥಳೀಯ ಮೀನುಗಳ ಮರಿಗಳನ್ನು ತಿನ್ನುವ ಬೇಟೆಗಾರ ಮೀನು ಎಂಬುದೂ ನಿಜ. ಆದರೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದು ತೀರ್ಥನ್ ಕಣಿವೆಯ ಬದುಕಿನೊಳಗೆ ಸೇರಿಹೋಗಿದೆ. ಆ ನದಿಗೆ ಜಲವಿದ್ಯುತ್ ಯೋಜನೆಗಳು ಬರುವುದಿದ್ದಾಗ ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಅವರ ಮುಂದಾಳತ್ವದಲ್ಲಿ ಜನ ಹೋರಾಡಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಅವನ್ನು ತಡೆದರು. ಟ್ರೌಟ್ ಇರುವ ನದಿ ಎಂಬುದೂ ಅವರ ವಾದಕ್ಕೆ ಬಲ ಕೊಟ್ಟ ಸಂಗತಿ. ಇಂದು ತೀರ್ಥನ್ ತನ್ನ ಪಾತ್ರದಲ್ಲೇ ಹರಿದು ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತಿದ್ದರೆ, ಅದರಲ್ಲಿ ಈ ಪರದೇಶಿ ಮೀನಿಗೂ ಒಂದು ಪಾಲಿದೆ. ಅಲ್ಲಿನ ಎಷ್ಟೋ ಕುಟುಂಬಗಳಿಗೆ ಮಾರ್ಚಿಯಿಂದ ಅಕ್ಟೋಬರ್‌ವರೆಗೆ ಗಾಳಗಾರರೇ ಅತಿಥಿಗಳು. ಚಳಿಗಾಲದಲ್ಲಿ ತತ್ತಿಯ ಮೀನನ್ನು ಹಿಡಿದರೆ ಆ ಮನೆಗಳ ಮುಂದಿನ ವರ್ಷದ ಅನ್ನಕ್ಕೇ ಕೈ ಹಾಕಿದಂತಾಗುತ್ತದೆ.

ಚಳಿಗಾಲದಲ್ಲಿ ಹೋದವರಿಗೆ ಟ್ರೌಟ್ ರುಚಿ ನೋಡುವ ಆಸೆಯಿದ್ದರೆ ಅದಕ್ಕೂ ದಾರಿಯಿದೆ. ಕಣಿವೆಯಲ್ಲಿ ಹೊಳೆಯ ನೀರನ್ನು ಸಿಮೆಂಟಿನ ಕೊಳಗಳಿಗೆ ಹಾಯಿಸಿ ರೇನ್‌ಬೋ ಟ್ರೌಟ್ ಎಂಬ ಬೇರೆ ಜಾತಿಯ ಟ್ರೌಟ್ ಸಾಕುವ ರೈತರಿದ್ದಾರೆ. ಅವರಿಂದ ಕೊಂಡು ತಿನ್ನಬಹುದು. ಗಾಳವೇ ಬೇಕೆನ್ನುವವರು ಮಾರ್ಚ್, ಏಪ್ರಿಲ್‌ನಲ್ಲೋ, ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೋ ಹೋಗಲಿ. ನಡುವೆ ಹಿಮ ಕರಗಿ ನೀರು ಕಲಕಿ ಹರಿಯುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಂತೂ ದಡಕ್ಕೆ ಹೋಗುವುದೇ ಅಪಾಯ, 2023ರ ಜುಲೈನ ಪ್ರವಾಹದಲ್ಲಿ ಕುಲ್ಲು ಜಿಲ್ಲೆ ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಹಿಡಿದ ಮೀನನ್ನು ಮತ್ತೆ ಬಿಡುವವರು ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡರೆ ಬಾಯಿ ಹರಿಯದೆ ಗಾಳ ಬಿಡಿಸಬಹುದು. ಕೈ ಒದ್ದೆ ಮಾಡಿಕೊಳ್ಳದೆ ಮೀನನ್ನು ಮುಟ್ಟಬಾರದು. ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬಂದರೆ ಆ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಫೋಟೊ ಬೇಕೆಂದರೆ ಮೀನನ್ನು ನೀರಿನಲ್ಲೇ ಹಿಡಿದು ತೆಗೆಸಿಕೊಳ್ಳಲಿ, ಮತ್ತು ಬಿಡುವಾಗ ಹರಿವಿಗೆ ಎದುರಾಗಿ ತಲೆಯಿಟ್ಟು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಲಿ.

ಲೇಖನದ ಕೊನೆಯಲ್ಲಿ ಇನ್ನೊಂದು ಮಾತಿದೆ: ಕೊಡಗು, ಚಿಕ್ಕಮಗಳೂರಿನ ತೊರೆಗಳಿಗೂ ಟ್ರೌಟ್ ಬಿಟ್ಟರೆ ಪ್ರವಾಸೋದ್ಯಮ ಬೆಳೆಯುತ್ತದಲ್ಲ ಎಂಬುದು. ಇದನ್ನು ದಯವಿಟ್ಟು ಯಾರೂ ಪ್ರಯತ್ನಿಸಬಾರದು. ನೀರು 20 ಡಿಗ್ರಿ ಸಮೀಪಿಸುತ್ತಿದ್ದಂತೆ ಬ್ರೌನ್ ಟ್ರೌಟ್ ಮೇವು ಬಿಡುತ್ತದೆ, 25 ದಾಟಿದರೆ ಹೆಚ್ಚು ಹೊತ್ತು ಬದುಕುವುದಿಲ್ಲ. ಏಪ್ರಿಲ್‌ನ ನಮ್ಮ ಹಳ್ಳಗಳಲ್ಲಿ ಅದು ಉಳಿಯುವ ಮಾತೇ ಇಲ್ಲ. ನಮಗಿಂತ ಎಷ್ಟೋ ತಂಪಾದ ನೀಲಗಿರಿಯಲ್ಲೇ ಮೀನುಗಳ ತಜ್ಞ ಫ್ರಾನ್ಸಿಸ್ ಡೇ ಅವರು 1863ರಲ್ಲಿ ಮಾಡಿದ ಪ್ರಯತ್ನ ಕೈಗೂಡಲಿಲ್ಲ, ಅಲ್ಲಿ ಮುಂದೆ ನೆಲೆ ನಿಂತದ್ದು ರೇನ್‌ಬೋ ಟ್ರೌಟ್. ಒಂದು ವೇಳೆ ಉಳಿಯಿತೆಂದೇ ಇಟ್ಟುಕೊಂಡರೂ, ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಪಟ್ಟಿಯಲ್ಲಿ ಈ ಮೀನಿನ ಹೆಸರಿದೆ ಎಂಬುದನ್ನು ನೆನಪಿಡಬೇಕು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಮೀನು ಹೆಚ್ಚಿದ ಮೇಲೆ ಕಾವೇರಿಯ ಸ್ವಂತದ ಡುಬ್ಬದ ಮಹಸೀರ್ ಏನಾಯಿತೆಂದು ನಾವು ಕಂಡಿದ್ದೇವೆ. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಇರುವ ಕಡೆ ಟ್ರೌಟ್ ತತ್ತಿಯಿಡಲು ಬಿಡೋಣ, ಇಲ್ಲದ ಕಡೆಗೆ ಒಯ್ಯುವುದು ಬೇಡ ಎಂದಷ್ಟೇ ನಾನು ಹೇಳುತ್ತಿರುವುದು.

ನಿಮ್ಮ ಪುರವಣಿಯನ್ನು ಓದಿ ಟಿಕೆಟ್ ಮಾಡಿಸುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಆದ್ದರಿಂದ ಮುಂದಿನ ಭಾನುವಾರ ಅದೇ ಪುಟದಲ್ಲಿ, ಕಣ್ಣಿಗೆ ಬೀಳುವಂತೆ, ಹಿಮಾಚಲದಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಲು ಅವಕಾಶವಿರುವುದು ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ, ಅದೂ ಪರವಾನಗಿಯೊಂದಿಗೆ ಎಂಬ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಸಕಲೇಶಪುರ