ಜಯಲಕ್ಷ್ಮಿ ವಿಲಾಸದಲ್ಲಿ ಮತ್ತೆ ಹಾಡು ಕೇಳಿಸಲಿ

ಮಾನ್ಯ ಸಂಪಾದಕರೇ,

ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆಯ ದುರಸ್ತಿ ಬಗ್ಗೆ ಮೈಸೂರಿನಲ್ಲಿ ಆಗಾಗ ಮಾತು ಬರುತ್ತದೆ. ದುರಸ್ತಿ ಆಗಲೇಬೇಕು. ಆದರೆ ಆದ ಮೇಲೆ ಬಾಗಿಲು ಯಾರಿಗೆ ತೆರೆಯುತ್ತೇವೆ ಅನ್ನೋದನ್ನೂ ಈಗಲೇ ಯೋಚಿಸಬೇಕು, ಅಲ್ವಾ?

1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ ಕಟ್ಟಿಸಿದ ಮನೆ ಇದು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ವಿಶ್ವವಿದ್ಯಾಲಯದ ಕೈಗೆ ಬಂತು. 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯಕ್ಕೆ ಇದೇ ನೆಲೆಯಾಯಿತು. ಅರಮನೆಯ ತೇಗದ ಬಾಗಿಲು ದಾಟಿದರೆ ಒಳಗೆ ನಮ್ಮ ಹಳ್ಳಿ ಮನೆಗಳ ಸಾಮಾನು, ತೊಗಲುಗೊಂಬೆ, ಕುಣಿತದ ವೇಷ. ಇಂಥ ಜೋಡಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಿಂದೊಮ್ಮೆ ನಮ್ಮ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅರಮನೆ ಅಂತ ಹೆದರಿ ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಒಳಗೆ ಬೀಸುಕಲ್ಲು ಕಂಡಿದ್ದೇ ತಡ, ಅದರ ಪಕ್ಕ ಕೂತು ಗೂಟಕ್ಕೆ ಕೈ ಹಾಕಿ, ರಾಗಿ ಬೀಸುವಾಗಿನ ಪದ ಸಣ್ಣಗೆ ಶುರು ಮಾಡಿದರು. ಕಾವಲಿನವರು ತಡೆಯಲಿಲ್ಲ. ನೋಡಲು ಬಂದಿದ್ದ ಇಬ್ಬರು ಹುಡುಗಿಯರು ಅಲ್ಲೇ ನೆಲದ ಮೇಲೆ ಕೂತು, 'ಅಜ್ಜಿ, ಇನ್ನೊಂದು ಹೇಳಿ' ಅಂದರು. ಅರ್ಧ ಗಂಟೆ ಆ ಕೋಣೆ ಮನೆಯಾಗಿತ್ತು.

ಇನ್ಫೊಸಿಸ್ ಫೌಂಡೇಶನ್ ನೆರವಿನಲ್ಲಿ 2006ರ ಹೊತ್ತಿಗೆ ಒಮ್ಮೆ ಚೆನ್ನಾಗಿ ದುರಸ್ತಿಯಾಗಿತ್ತು. ಆಮೇಲೆ ಮತ್ತೆ ಸೂರು ಸೋರಿತು, ಜನರ ಓಡಾಟ ನಿಂತಿತು. ಬೀಗ ಬಿದ್ದ ಮನೆಯಲ್ಲಿ ನೀರು ಹೋಗುವ ಕೊಳವೆಗೆ ಎಲೆ ತುಂಬಿಕೊಂಡರೂ, ಗೋಡೆ ಬಿರುಕಲ್ಲಿ ಅರಳಿ ಸಸಿ ಚಿಗುರಿದರೂ ಕಣ್ಣಿಗೆ ಬೀಳೋದಿಲ್ಲ. ಹಾಗಂತ ಜನ ಇದ್ದರೆ ಸಾಕು ಅಂತಲೂ ಅಲ್ಲ. ನಮ್ಮೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ತುಂಬ ಅಂಗಡಿಗಳಿದ್ದವು. ಆದರೂ 2012ರಲ್ಲಿ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಪ್ರತಿ ಮಳೆಗಾಲಕ್ಕೆ ಮುಂಚೆ ಸೂರು ಹತ್ತಿ ನೋಡುವವರು ಬೇಕು. ಗಾರೆ ಗೋಡೆಗೆ ಸಿಮೆಂಟ್ ಮೆತ್ತದೆ ಸುಣ್ಣದ ಗಾರೆಯಲ್ಲೇ ಕೆಲಸ ಮಾಡುವವರು ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಭಾನುವಾರ ಬೆಳಗ್ಗೆ ಒಂದು ಹಜಾರ, ಒಂದು ಅಂಗಳ ಜನರಿಗೆ ಬಿಟ್ಟುಕೊಡಿ. ಕಂಸಾಳೆಯವರು, ತಂಬೂರಿಯವರು, ಸೋಬಾನೆ ಹೇಳುವ ಹೆಂಗಸರು ಬಂದು ಹಾಡಲಿ. ಕುಕ್ಕರಹಳ್ಳಿ ಕೆರೆಯಲ್ಲಿ ವಾಕಿಂಗ್ ಮುಗಿಸಿದವರು ಹಾಗೇ ಬಂದು ಕೂರಲಿ. ವಸ್ತುಗಳಿರುವ ಕೋಣೆಗಳಿಗೆ ನೂಕುನುಗ್ಗಲು ಬೇಡ, ತೊಗಲುಗೊಂಬೆಗೆ ಧೂಳು, ತೇವ ಎರಡೂ ಆಗದು. ಮದುವೆಗೆ ಬಾಡಿಗೆಗೆ ಮಾತ್ರ ಖಂಡಿತ ಕೊಡಬೇಡಿ. ಅಲಂಕಾರದ ಹೆಸರಲ್ಲಿ ಹಳೇ ತೇಗಕ್ಕೆ ಮೊಳೆ ಹೊಡೆದರೆ ಆ ತೂತು ಮುಚ್ಚೋಕಾಗಲ್ಲ.

ಮೆಟ್ಟಿಲ ಪಕ್ಕ ವಯಸ್ಸಾದವರಿಗೆ ಒಂದು ಇಳಿಜಾರು ದಾರಿ ಮಾಡಿಸಿ. ಕುಡಿಯುವ ನೀರು, ಶೌಚಾಲಯ ಇರಲಿ. ಒಂದು ಬೀಸುಕಲ್ಲನ್ನಾದರೂ ಅಜ್ಜಿಯಂದಿರ ಕೈಗೆ ಸಿಗುವ ಹಾಗೆ ಇಡಿ.

— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು