ಹನ್ನೊಂದು ನಿಮಿಷದ ಉಪನ್ಯಾಸ

ಮಾನ್ಯರೇ,

ದಾವಣಗೆರೆಯಲ್ಲಿ ಭಾನುವಾರ ನಡೆದ ಇಂಗ್ಲಿಷ್ ಪ್ರಾಧ್ಯಾಪಕರ ಬೀಳ್ಕೊಡುಗೆಯ ವರದಿಯನ್ನು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಅದ್ದೂರಿಯಾಗಿ ಜರುಗಿತು’ ಎಂದು ಬರೆದಿದ್ದೀರಿ. ಮೂರನೆಯ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿದವನು ನಾನು. ಅಲ್ಲಿ ಜರುಗಿದ್ದು ಅವಮಾನ.

ಮಂಡಿನೋವಿನಲ್ಲೂ ಚಿತ್ರದುರ್ಗದಿಂದ ಬೆಳಗಿನ ಏಳರ ಬಸ್ಸು ಹಿಡಿದು ಬಂದಿದ್ದೆ. ಆಹ್ವಾನ ಪತ್ರಿಕೆಯ ಪ್ರಕಾರ ಸಮಯ ಹತ್ತೂವರೆ. ಉದ್ಘಾಟಿಸಬೇಕಾದ ಅಧಿಕಾರಿ ಬಂದದ್ದು ಹನ್ನೆರಡೂ ಮುಕ್ಕಾಲಿಗೆ. ಅಲ್ಲಿಯವರೆಗೆ ಕುಡಿಯಲು ನೀರಿಲ್ಲ, ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಸಕ್ಕರೆ ಕಾಯಿಲೆಯ ನಾನು ಎದುರಿನ ಹೋಟೆಲಿನವರನ್ನು ಅಂಗಲಾಚಬೇಕಾಯಿತು. ಆಮೇಲೆ ವೇದಿಕೆಯ ಮೇಲಿದ್ದ ಹದಿನೇಳು ಮಂದಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬೊಬ್ಬರಿಗೂ ಪರಿಚಯ ಭಾಷಣ. ಕೊನೆಗೆ ಪ್ರಾಧ್ಯಾಪಕರ ಉಪನ್ಯಾಸಕ್ಕೆ ಸಿಕ್ಕಿದ್ದು ಹನ್ನೊಂದು ನಿಮಿಷ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.

ಅವರು ಯಾರೆಂದು ಸಂಘಟಕರಿಗೆ ತಿಳಿದಿತ್ತೇ? ಕೆರಿಬಿಯನ್ ದ್ವೀಪಗಳ ಕವಿ ಡೆರೆಕ್ ವಾಲ್ಕಾಟ್‌ಗೆ 1992ರಲ್ಲಿ ನೊಬೆಲ್ ಬರುವ ಮೊದಲೇ, ಪುಸ್ತಕಗಳು ಇಲ್ಲಿ ಸಿಗದಿದ್ದ ಕಾಲದಲ್ಲಿ, ರಾತ್ರಿ ಬಸ್ಸಿನಲ್ಲಿ ಮೈಸೂರಿನ ಸಾಹಿತ್ಯ ಅಧ್ಯಯನ ಕೇಂದ್ರ ಧ್ವನ್ಯಾಲೋಕಕ್ಕೆ ಹೋಗಿ ಆ ಕವಿತೆಗಳನ್ನು ಕೈಬರಹದಲ್ಲಿ ಇಳಿಸಿಕೊಂಡು ಬಂದವರು. ಕಾವ್ಯ ಹಾಳೆಯ ಮೇಲೆ ಅರ್ಧ, ಕಂಠದಲ್ಲಿ ಅರ್ಧ ಎಂದು ಮೂವತ್ತಾರು ವರ್ಷ ಪಾಠ ಹೇಳಿದವರು. ಅದೇ ದ್ವೀಪಗಳ ಸಾಲಿನ ಬಾರ್ಬಡೋಸಿನ ಕವಿ ಕಮಾವ್ ಬ್ರಾಥ್‌ವೇಟ್ ಗುಲಾಮರ ಪೀಳಿಗೆ ಆಡಿಕೊಂಡು ಬಂದ ಇಂಗ್ಲಿಷನ್ನು ನಾಡನುಡಿ ಎಂದು ಕರೆದದ್ದು, ತಮ್ಮ ದ್ವೀಪಗಳ ಬಿರುಗಾಳಿಯ ಲಯ ಇಂಗ್ಲೆಂಡಿನ ಛಂದಸ್ಸಿಗೆ ಒಗ್ಗದು ಎಂದದ್ದು, ಜಮೈಕಾದ ಕವಯಿತ್ರಿ ಲೂಯಿಸ್ ಬೆನೆಟ್ ಸಂತೆಯ ಹೆಂಗಸರ ಆಡುಮಾತನ್ನೇ ವೇದಿಕೆಗೆ ತಂದದ್ದು, ಎಲ್ಲವನ್ನೂ ನನಗೆ ಮೊದಲು ಹೇಳಿದವರು ಅವರೇ. ಅದನ್ನು ವಿವರಿಸಲು ಅವರು ದೂರ ಹೋಗುತ್ತಿರಲಿಲ್ಲ. ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯನ್ನು ನೆನೆಯುತ್ತಿದ್ದರು. ಅಂಥವರ ಹಾಡನ್ನು ಬದಿಗಿಟ್ಟು, ಅಚ್ಚಾದದ್ದು ಮಾತ್ರ ಸಾಹಿತ್ಯ ಎಂದು ನಂಬಿಸಿದ್ದೇ ವಸಾಹತುಶಾಹಿಯ ದೊಡ್ಡ ಗೆಲುವು ಎನ್ನುತ್ತಿದ್ದರು. ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಪದ್ಯವನ್ನು ಹಾಡಿಯೇ ಕಲಿಸಲು ಶುರು ಮಾಡಿದ್ದು ಅವರ ಉಪನ್ಯಾಸ ಕೇಳಿದ ಮೇಲೆ.

ಭಾನುವಾರ ಅವರು, ನಾಟಕಕ್ಕೆ ಹೆದರಿ ಬ್ರಿಟಿಷರು ತಂದ 1876ರ ಕಾಯ್ದೆಯಿಂದ ಮಾತು ಆರಂಭಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಆ ಹೆದರಿಕೆ ಹೋಗಲಿಲ್ಲ ಎಂದು ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ ಪ್ರಸಂಗಕ್ಕೆ ಬಂದರು. ಹಳ್ಳಿಯ ಜನರನ್ನು ಕೂಡಿಕೊಂಡು ಅಲ್ಲಿನ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದ ಅವರನ್ನು 1977ರ ಕೊನೆಯಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು ಎನ್ನುವಷ್ಟರಲ್ಲಿ ಚೀಟಿ ಬಂತು, ಮೈಕ್ ಆರಿತು. ಎರಡು ಗಂಟೆಗೆ ಬೇರೆ ಕಾರ್ಯಕ್ರಮವಿದೆಯಂತೆ! ಉಪನ್ಯಾಸದ ಜೊತೆಗೆ ಪ್ರಾತ್ಯಕ್ಷಿಕೆಗೆಂದು ಕರೆಸಿದ್ದ ಬಯಲಾಟದ ಮೇಳದವರು ಬೆಳಗಿನಿಂದ ಬಣ್ಣ ಹಚ್ಚಿಕೊಂಡು ಕಾದಿದ್ದರು. ಅದೇ ಬಣ್ಣದಲ್ಲಿ ಟೆಂಪೊ ಹತ್ತಿ ಊರಿಗೆ ಹೊರಟರು. ಅವರಲ್ಲಿ ಒಬ್ಬ ಹಿರಿಯರ ಕಣ್ಣಲ್ಲಿ ನೀರಿತ್ತು. ಅದು ನಿಮ್ಮ ವರದಿಗಾರರಿಗೆ ಕಾಣಲಿಲ್ಲವೇ? ಅಚ್ಚಾದ ಚಿತ್ರದಲ್ಲಿ ದೀಪ ಹಚ್ಚುವ ಅಧಿಕಾರಿ ಇದ್ದಾರೆ, ಪ್ರಾಧ್ಯಾಪಕರ ಅರ್ಧ ಭುಜ ಮಾತ್ರ ಇದೆ.

ಕಲಾವಿದರೆಂದರೆ ಅಧಿಕಾರಿಗಳಿಗೆ ಯಾವಾಗಲೂ ತಾತ್ಸಾರ. ನಮ್ಮ ಬೀದಿಯ ವೃದ್ಧ ಹಾರ್ಮೋನಿಯಂ ವಾದಕರು ಮಾಸಾಶನದ ಅರ್ಜಿ ಹಿಡಿದು ಎರಡು ವರ್ಷದಿಂದ ಕಚೇರಿ ಅಲೆಯುತ್ತಿದ್ದಾರೆ. ಗ್ರಂಥಾಲಯದ ಚಾವಣಿ ಸೋರಿ ಕಾವ್ಯದ ಕಪಾಟು ಪೂರ್ತಿ ನೆನೆದರೂ ಕೇಳುವವರಿಲ್ಲ. ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ನನ್ನನ್ನು ಹೋದ ನವೆಂಬರಿನಲ್ಲಿ ಹತ್ತರಿಂದ ಮೂರರವರೆಗೆ ಬೆಂಚಿನ ಮೇಲೆ ಕೂರಿಸಿದರು. ಬೀದಿದೀಪದ ಅರ್ಜಿಯ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ತಪ್ಪು ಮಾಡಿದವರು ಪ್ರಾಧ್ಯಾಪಕರಲ್ಲಿಯೂ ಮೇಳದವರಲ್ಲಿಯೂ ಬಹಿರಂಗವಾಗಿ ಕ್ಷಮೆ ಕೇಳಬೇಕು. ಉಪನ್ಯಾಸವನ್ನು ಬಯಲಾಟದ ಸಮೇತ ಮತ್ತೊಮ್ಮೆ ಪೂರ್ತಿಯಾಗಿ ಏರ್ಪಡಿಸಬೇಕು. ಮೊದಲು ಆ ಶೌಚಾಲಯದ ಬೀಗ ತೆಗೆಸಿ. ಇದಾವುದೂ ಆಗದಿದ್ದರೆ ಆಹ್ವಾನ ಪತ್ರಿಕೆಯಲ್ಲಿ ವಿದ್ವಾಂಸರ ಹೆಸರು ಹಾಕುವುದನ್ನಾದರೂ ನಿಲ್ಲಿಸಿ. ಶಾಲು ಹೊದಿಸುವುದನ್ನು ನೋಡಲು ನಾವು ಚಿತ್ರದುರ್ಗದಿಂದ ಬರಬೇಕಾಗಿಲ್ಲ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಚಿತ್ರದುರ್ಗ